ಆರನೇ ನಂಬರ್ ಹಾಸಿಗೆಯ ಮೂವರು ರೋಗಿಗಳು

ನಮ್ಮ ಭಾವನ ಹೊಟ್ಟೆಯ ಕೆಳಗೆ, ಬಲಗಡೆ, ನಿಂಬೆಹಣ್ಣಿನ ಗಾತ್ರದ ಗಂಟೊಂದು ಎದ್ದು ಎರಡು ವರ್ಷವಾಗಿತ್ತು. ಡಾಕ್ಟರು ಅದಕ್ಕೆ ಹರ್ನಿಯಾ ಅಂದರು. ಭಾವ ಅದಕ್ಕೆ "ಪರಿಶೀಲನೆಯಲ್ಲಿದೆ" ಅಂದರು.

ಪರಿಶೀಲನೆ ಮೂರು ಸಲ ಮುಂದಕ್ಕೆ ಹೋಯಿತು. ಮೊದಲನೇ ಸಲ ಕಚೇರಿಯಲ್ಲಿ ತಪಾಸಣೆ. ಎರಡನೇ ಸಲ ಆಪರೇಷನ್ನಿನ ಹಿಂದಿನ ದಿನ ಒಂದೇ ಒಂದು ಸೀನು ಬಂತು, ಅದನ್ನು ಭಾವ ನೆಗಡಿ ಎಂದು ದಾಖಲಿಸಿಕೊಂಡರು. ಮೂರನೇ ಸಲ ಆಸ್ಪತ್ರೆಯ ಗೇಟಿನವರೆಗೂ ಬಂದು, ಕಚೇರಿಯ ಬೀರುವಿನ ಕೀಲಿ ಜೇಬಿನಲ್ಲೇ ಉಳಿದಿದೆ ಎಂದು ಕೊಟ್ಟುಬರಲು ಹೋದರು. ಹೋದವರು ನಾಲ್ಕು ತಿಂಗಳ ಮೇಲೆ ಬಂದರು.

ಈ ಸಲ ಸರ್ಜನ್ ಭಾವನ ಜೊತೆ ಮಾತೇ ಆಡಲಿಲ್ಲ. ನೇರ ನಮ್ಮ ಅಕ್ಕನಿಗೆ ಹೇಳಿದರು: "ನೋಡಿಯಮ್ಮ, ಕರುಳು ಅದರೊಳಗೆ ಸಿಕ್ಕಿಹಾಕ್ಕೊಂಡ್ರೆ ಆಮೇಲೆ ಗಂಟೆಗಳ ಲೆಕ್ಕ. ಗುರುವಾರ ಬೆಳಗ್ಗೆ ಮಾಡಿಬಿಡ್ತೀನಿ. ಅದು ತಪ್ಪಿದ್ರೆ ನಾನು ಎರಡು ತಿಂಗಳು ಊರಲ್ಲಿರಲ್ಲ."

ಅಕ್ಕ ಸೋಮವಾರವೇ ಭಾವನನ್ನು ಸೇರಿಸಿದಳು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿದಳು.

"ಕೇಳೋ ಇಲ್ಲಿ. ಗುರುವಾರ ಅವರು ಆ ಬಾಗಿಲೊಳಗೆ ಹೋಗೋವರೆಗೂ ನೀನು ಈ ಸ್ಟೂಲ್ ಬಿಟ್ಟು ಏಳಕೂಡದು. ಅವರು ಬಾತ್‌ರೂಮಿಗೆ ಹೋದ್ರೆ ಬಾಗಿಲ ಹತ್ರ ನಿಂತ್ಕೋ. ಒಳಗೆ ಕಿಟಕಿ ಇದೆಯಾ ನೋಡ್ಕೋ."

ನೋಡಿದೆ. ಕಿಟಕಿ ಇತ್ತು, ಆದರೆ ಭಾವ ಹಿಡಿಸುವಷ್ಟು ದೊಡ್ಡದಿರಲಿಲ್ಲ.

ಭಾವನ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದೆ ನಡೆದದ್ದು ಯಾರಿಗೂ ಅರ್ಥವಾಗುವುದಿಲ್ಲ. ಅವರು ಪರವಾನಗಿ ಕಚೇರಿಯ ಮೂರನೇ ಕಿಟಕಿಯಲ್ಲಿ ಕೂತು ಮೂವತ್ತೊಂದು ವರ್ಷ ಅರ್ಜಿ ತೆಗೆದುಕೊಂಡವರು. ಖಾಲಿ ಕಾಲಂ ಕಂಡರೆ ಅವರಿಗೆ ಮೈಯಲ್ಲಿ ಮುಳ್ಳು ಎದ್ದ ಹಾಗಾಗುತ್ತದೆ. ಮದುವೆಯೇ ಆಗದ ಹುಡುಗ 'ಮಕ್ಕಳ ಸಂಖ್ಯೆ' ಬಿಟ್ಟು ಬಂದರೂ ವಾಪಸ್. "ಇಲ್ಲದ್ದನ್ನೂ ಇಲ್ಲ ಅಂತ ಬರೀಬೇಕು ಸ್ವಾಮಿ. ಖಾಲಿ ಬಿಟ್ರೆ ನಾಳೆ ಯಾರು ಬೇಕಾದ್ರೂ ಏನು ಬೇಕಾದ್ರೂ ಬರ್ಕೋಬಹುದು" ಅನ್ನುವುದು ಅವರು ದಿನಕ್ಕೆ ಅರವತ್ತು ಸಲ ಹೇಳುತ್ತಿದ್ದ ಮಾತು. ಊರಿನವರು ಅವರಿಗೆ 'ಕಾಲಂ ಸಾಹೇಬರು' ಎಂದು ಹೆಸರಿಟ್ಟಿದ್ದರು.

ಹೀಗಾಗಿ ಆಸ್ಪತ್ರೆಗೆ ಸೇರುವ ಫಾರಂ ಕೈಗೆ ಸಿಕ್ಕಾಗ ಭಾವನಿಗೆ ಎರಡು ವರ್ಷದಲ್ಲಿ ಮೊದಲ ಸಲ ಜೀವ ಬಂದಂತಾಯಿತು. 'ಕಚೇರಿ ಉಪಯೋಗಕ್ಕೆ ಮಾತ್ರ' ಎಂಬಲ್ಲೂ ತಾವೇ ತುಂಬಿಕೊಟ್ಟರು. ಎರಡನೇ ಪುಟದ ಕೊನೆಯ ಸಾಲಿನ ಹತ್ತಿರ ಮಾತ್ರ ಪೆನ್ನು ನಿಂತಿತು. ಬಹಳ ಹೊತ್ತು ನಿಂತಿತು. ಇಂಕು ಮುಗಿದಿರಬೇಕು ಅಂದುಕೊಂಡು ನನ್ನ ಪೆನ್ನು ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ. ಫಾರಂ ಮಡಚಿ ನರ್ಸಿನ ಕೈಗೆ ಕೊಟ್ಟುಬಿಟ್ಟರು.

ಮಂಗಳವಾರ ಬೆಳಗ್ಗೆ ಹತ್ತಕ್ಕೆ ನರ್ಸಿಂಗ್ ಶಾಲೆಯ ಟ್ಯೂಟರ್ ಮೇಡಂ ಮೂವರು ವಿದ್ಯಾರ್ಥಿಗಳನ್ನು ಹಿಂದಿಟ್ಟುಕೊಂಡು ಬಂದರು. ಮುಂದೆ ದಪ್ಪ ಕನ್ನಡಕದ ಹುಡುಗಿ. ಅವಳ ಹಿಂದೆ, ಎಲ್ಲಾ ಬಾಗಿಲಿಗೂ ತಲೆ ಬಗ್ಗಿಸಿ ನಡೆಯುವ ಉದ್ದನೆಯ ಯುವಕ. ಕೊನೆಯಲ್ಲಿ ನಲವತ್ತು ದಾಟಿದ ಒಬ್ಬ ಹೆಂಗಸು. ಇದೇ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ಆಯಾ ಆಗಿದ್ದು ಈಗ ನರ್ಸಿಂಗ್ ಓದಲು ಸೇರಿದವರು. ವಾರ್ಡಿನವರೆಲ್ಲ ಅವರನ್ನು ಹಿರಿಯಕ್ಕ ಅನ್ನುತ್ತಿದ್ದರು. ಈ ಪೇಪರಿನಲ್ಲಿ ಹೋದ ವರ್ಷ ಫೇಲಾಗಿದ್ದರಂತೆ. ಇದನ್ನು ನಮಗೆ ಹೇಳಿದ್ದು ಏಳನೇ ನಂಬರ್ ಹಾಸಿಗೆಯ ಬಸ್ ಡ್ರೈವರ್. ಕಾಲಿಗೆ ಪ್ಲಾಸ್ಟರ್ ಬಿದ್ದು ಏಳು ವಾರವಾಗಿ, ಆಸ್ಪತ್ರೆಯ ಸುದ್ದಿಯೆಲ್ಲ ಅವರ ಬಾಯಲ್ಲಿತ್ತು.

"ಒಬ್ಬನೇ ರೋಗಿ, ಮೂರು ಸಿದ್ಧಾಂತ," ಅಂದರು ಟ್ಯೂಟರ್ ಮೇಡಂ, ಭಾವನ ಕಡೆ ಬೆರಳು ಮಾಡಿ. "ಮೊದಲನೇದು, ರೋಗಿ ತನ್ನ ಆರೈಕೆ ತಾನು ಮಾಡ್ಕೋಬೇಕು, ಅವನಿಂದ ಆಗದೇ ಇರೋದನ್ನ ಮಾತ್ರ ನಾವು ಮಾಡಬೇಕು. ಎರಡನೇದು, ಗಾಳಿ, ಬೆಳಕು, ಸದ್ದು, ಶುಚಿ, ಇಷ್ಟನ್ನ ನಾವು ಸರಿಮಾಡಿದ್ರೆ ದೇಹ ತಾನಾಗೇ ಸರಿಹೋಗುತ್ತೆ. ಮೂರನೇದು, ನರ್ಸು ರೋಗಿ ಮೊದಲು ಅಪರಿಚಿತರು, ನಂಬಿಕೆ ಹುಟ್ಟಿದ ಮೇಲೇನೇ ಆರೈಕೆ ಶುರು. ಒಬ್ಬೊಬ್ಬರು ಒಂದೊಂದು ಹಿಡೀರಿ. ಹೊಸ ವಿಷಯ ತಿಳಿದ್ರೆ ಕೇಸ್ ಶೀಟಿಗೂ ಬರೀರಿ. ನಾಳೆ ಮಧ್ಯಾಹ್ನ ಮೂರಕ್ಕೆ ಇದೇ ಹಾಸಿಗೆ ಹತ್ರ ಮೂರನ್ನೂ ಹೋಲಿಸಿ ನೋಡೋಣ."

ಮೂವರ ಕೈಯಲ್ಲೂ ನಾಲ್ಕು ನಾಲ್ಕು ಪುಟದ ಫಾರಂ ಇತ್ತು. ಭಾವ ದಿಂಬಿಗೆ ಒರಗಿದ್ದವರು ನೆಟ್ಟಗೆ ಕೂತರು.

ಕನ್ನಡಕದ ಹುಡುಗಿ ಮೊದಲು ಶುರುಮಾಡಿದಳು. "ಸರ್, ನೀವೇ ಸ್ನಾನ ಮಾಡ್ಕೋತೀರಾ?"

"ಹೂಂ."

"ಊಟ?"

"ಚೆನ್ನಾಗಿ ಮಾಡ್ತೀನಿ."

"ಬಟ್ಟೆ ಹಾಕ್ಕೊಳ್ಳೋದು, ನಡೆಯೋದು, ಹಲ್ಲುಜ್ಜೋದು..."

"ಎಲ್ಲಾ ನಾನೇ."

ಹುಡುಗಿಯ ಮುಖ ಬಾಡುತ್ತಾ ಬಂತು. ಫಾರಂ ತಿರುಗಿಸಿ ತೋರಿಸಿದಳು. ಎಡಗಡೆ ಚಟುವಟಿಕೆಗಳ ಪಟ್ಟಿ. ಬಲಗಡೆ 'ಕೊರತೆ' ಎಂಬ ತಲೆಬರಹದ ಕೆಳಗೆ ಮೇಲಿಂದ ಕೆಳಗಿನವರೆಗೆ ಹಾಲಿನಂಥ ಬಿಳುಪು.

"ನಿಮಗೆ ಕೊರತೆಯೇ ಇಲ್ಲವಲ್ಲ ಸರ್. ನನ್ನ ಕಾಲಂ ಎಲ್ಲಾ ಖಾಲಿ."

ನಾನು ಭಾವನನ್ನು ನೋಡಿದೆ. ಅವರ ಕುತ್ತಿಗೆಯ ನರ ಒಂದು ಸಲ ಮಿಡಿಯಿತು.

"ಬರ್ಕೊಳಮ್ಮ," ಅಂದರು. "ತಲೆ ಬಾಚ್ಕೊಳ್ಳೋಕೆ ಆಗಲ್ಲ."

ಅವರ ತಲೆಯಲ್ಲಿ ಬಾಚುವಂಥದ್ದು ಎರಡು ಕಿವಿಗಳ ಮೇಲೆ ಅಷ್ಟಷ್ಟು ಉಳಿದಿತ್ತು, ಅಷ್ಟೆ. ಹುಡುಗಿ ಅದನ್ನು ಗಮನಿಸದೆ "ಯಾಕೆ ಸರ್?" ಅಂದಳು.

"ಬಲಗೈ ಮೇಲಕ್ಕೆ ಎತ್ತೋಕಾಗಲ್ಲ. ಗುಂಡಿ ಹಾಕ್ಕೊಳ್ಳೋಕೂ ಕಷ್ಟ. ಆಗಾಗ ತುತ್ತು ಬಾಯಿಗೆ ಹೋಗೋದೇ ಇಲ್ಲ."

ಹುಡುಗಿಯ ಪೆನ್ನು ಓಡತೊಡಗಿತು. ಏಳನೇ ನಂಬರಿನ ಡ್ರೈವರ್ ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು: "ಏನ್ ಸ್ವಾಮಿ, ಈಗ ತಾನೇ ಆ ಕೈಯಲ್ಲೇ ನನ್ನ ಬಿಸ್ಕತ್ತು ಪೊಟ್ಟಣ ಖಾಲಿ ಮಾಡಿದ್ರಲ್ಲ?"

ಆಮೇಲೆ ಉದ್ದನೆಯ ಯುವಕ ಬಂದ. ಗಾಳಿ ಸರಿಯಿದೆಯೇ, ಬೆಳಕು ಸರಿಯಿದೆಯೇ ಎಂದು ಕೇಳಿದ. ವಾರ್ಡು ದೊಡ್ಡದು, ಶುಚಿಯಾದದ್ದು, ಹತ್ತು ಹಾಸಿಗೆಗೆ ಎಂಟು ಕಿಟಕಿ. ತಪ್ಪು ಹುಡುಕಲು ಆ ಯುವಕನಿಗೂ ಆಗಲಿಲ್ಲ. ಆದರೆ ಅವನ ಫಾರಂನಲ್ಲಿ 'ಪರಿಸರದ ತೊಂದರೆಗಳು' ಎಂದು ಆರು ಗೆರೆ ಇದ್ದವು.

"ಬಂದಾಗಿನಿಂದ ನಿದ್ದೆ ಇಲ್ಲಪ್ಪ," ಅಂದರು ಭಾವ. "ಉಸಿರು ಕಟ್ಟಿದ ಹಾಗಾಗುತ್ತೆ. ಎದುರಿನ ಆ ಕಿಟಕಿಯಿಂದ ಬೆಳಕು ಬಂದು ಕಣ್ಣಿಗೆ ಹೊಡೆಯುತ್ತೆ. ಈ ಮಂಚಾನ ಒಂಚೂರು ಆ ಕಡೆ ತಿರುಗಿಸಿಬಿಟ್ರೆ..."

"ಗುರುವೇ," ಅಂದರು ಡ್ರೈವರ್, ತಡೆಯಲಾರದೆ. "ನಿನ್ನೆ ನೀವು ಗೊರಕೆ ಹೊಡೆದ ರಭಸಕ್ಕೆ ನನ್ನ ಪ್ಲಾಸ್ಟರ್ ಬಿರುಕು ಬಿಟ್ಟಿದೆ."

"ಗೊರಕೆ ಬೇರೆ, ನಿದ್ದೆ ಬೇರೆ," ಅಂದರು ಭಾವ ಗಂಭೀರವಾಗಿ. ಯುವಕ ಎರಡನ್ನೂ ಬರೆದುಕೊಂಡ.

ಯುವಕನಿಗೆ ಉತ್ಸಾಹ ಜಾಸ್ತಿ. ಆರನೇ ನಂಬರ್ ಮಂಚವನ್ನು ತಿರುಗಿಸಿದ. ತಿರುಗಿಸಿದಾಗ ಅದರ ತುದಿ ಡ್ರೈವರಿನ ಕಾಲಿಗೆ ಕಟ್ಟಿ ಇಳಿಬಿಟ್ಟಿದ್ದ ತೂಕಕ್ಕೆ ಬಡಿಯಿತು. ಡ್ರೈವರ್ ಕೂಗಿದ ಕೂಗಿಗೆ ಐದನೇ ನಂಬರಿನ ಅಜ್ಜ ಎದ್ದು ಕೂತು, ತನ್ನ ಸ್ಟಾಪು ಬಂತೆಂದು ಚಪ್ಪಲಿ ಹುಡುಕತೊಡಗಿದರು. ಯುವಕ 'ಸದ್ದು: ವಿಪರೀತ' ಎಂದು ಗುರುತು ಹಾಕಿಕೊಂಡ.

ಹಿರಿಯಕ್ಕ ಎಲ್ಲ ಗಲಾಟೆ ಅಡಗಿದ ಮೇಲೆ ಬಂದರು. ಫಾರಂ ತೊಡೆಯ ಮೇಲಿಟ್ಟುಕೊಂಡು, ಪೆನ್ನು ತೆಗೆಯದೆ, ಸುಮ್ಮನೆ ಕೂತರು. ಕಾಲು ಗಂಟೆ ಮಾತಿಲ್ಲ. ಕಡೆಗೆ ಭಾವನೇ ಚಡಪಡಿಸಿ, "ಏನೂ ಕೇಳಲ್ವೇನಮ್ಮ?" ಅಂದರು.

"ಕೇಳೋದು ಒಂದೇ ಇದೆ ಯಜಮಾನ್ರೇ. ನಿಮ್ಮ ಮನಸ್ಸಿನಲ್ಲಿ ಏನು ಕೊರೀತಿದೆ ಅಂತ. ಈಗಲೇ ಹೇಳಬೇಕು ಅಂತಿಲ್ಲ."

ಭಾವ ಫಾರಂ ಕಡೆ ಬಗ್ಗಿ ನೋಡಿದರು. 'ರೋಗಿಯ ಮುಖ್ಯ ಆತಂಕ' ಎಂಬ ತಲೆಬರಹ. ಅದರ ಕೆಳಗೆ ಇಡೀ ಅರ್ಧ ಪುಟ ಖಾಲಿ. ಅಷ್ಟು ದೊಡ್ಡ ಖಾಲಿ ಜಾಗ ಅವರು ಮೂವತ್ತೊಂದು ವರ್ಷದಲ್ಲಿ ನೋಡಿರಲಿಲ್ಲ.

"ನಮ್ಮಣ್ಣ," ಅಂದರು ಭಾವ. "ನಮ್ಮಣ್ಣನಿಗೂ ಇದೇ ಹರ್ನಿಯಾ. ಮತ್ತಿನ ಇಂಜೆಕ್ಷನ್ ಕೊಟ್ರು. ಮತ್ತೆ ಏಳಲೇ ಇಲ್ಲ."

ನಾನು ಸ್ಟೂಲಿನಿಂದ ಬೀಳುವುದೊಂದು ಬಾಕಿ. ಭಾವ ಅವರಪ್ಪನಿಗೆ ಒಬ್ಬನೇ ಮಗ. ಅಣ್ಣನೂ ಇಲ್ಲ, ತಮ್ಮನೂ ಇಲ್ಲ, ಅಕ್ಕಪಕ್ಕದ ಮನೆಯಲ್ಲೂ ಅಣ್ಣ ಅನ್ನಿಸಿಕೊಂಡವರಿಲ್ಲ. ನಾನು ಬಾಯಿ ತೆರೆದೆ. ಭಾವ ನನ್ನ ಕಾಲು ತುಳಿದರು. ಹಿರಿಯಕ್ಕ ಭಾವನ ಮುಖ ನೋಡಿದರು, ಆಮೇಲೆ ಅವರ ಕೈ ನೋಡಿದರು. ಕೈ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು. ಫಾರಂ ಮಡಚಿಕೊಂಡು ಎದ್ದುಹೋದರು.

"ಏನ್ ಭಾವ ಇದು?" ಅಂದೆ.

"ಪಾಪ ಕಣೋ, ಹೋದ ವರ್ಷ ಫೇಲಾಗಿದಾಳೆ. ಅರ್ಧ ಪುಟ ಖಾಲಿ ಕೊಟ್ರೆ ಯಾರು ಪಾಸ್ ಮಾಡ್ತಾರೆ?"

ಬುಧವಾರ ಬೆಳಗ್ಗೆ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದರು. ಸಣ್ಣ ಮೈಕಟ್ಟು, ದೊಡ್ಡ ಧ್ವನಿ. ನಾಳೆಯ ಆಪರೇಷನ್ನಿಗೆ ಒಪ್ಪಿಗೆ ಬರೆಯಬೇಕಾದವರು ಅವರೇ. ಕೇಸ್ ಶೀಟು ತಿರುವಿದರು. ಒಂದು ಪುಟ ಓದಿ ಭಾವನನ್ನು ನೋಡಿದರು. ಎರಡನೇ ಪುಟ ಓದಿ ಹಾಸಿಗೆಯ ನಂಬರ್ ನೋಡಿದರು. ಮೂರನೇ ಪುಟ ಓದಿ ಮಂಚದ ಕೆಳಗೆ ಬಗ್ಗಿ ನೋಡಿದರು.

"ಈ ಹಾಸಿಗೆಯಲ್ಲಿ ಎಷ್ಟು ಜನ ಇದೀರಿ?"

"ನಾನೊಬ್ಬನೇ," ಅಂದರು ಭಾವ.

"ಬಲಗೈಗೆ ಶಕ್ತಿ ಇಲ್ಲ. ಉಸಿರು ಕಟ್ಟುತ್ತೆ. ಮನೇಲಿ ಒಬ್ಬರು ಅರಿವಳಿಕೆಯಿಂದ ತೀರಿಕೊಂಡಿದಾರೆ. ಇದನ್ನೆಲ್ಲ ಸೋಮವಾರ ಯಾಕೆ ಹೇಳಲಿಲ್ಲ? ಎಲ್ಲಿ, ಕೈ ಎತ್ತಿ."

ಕೈ ಎತ್ತಿದರೆ ಕನ್ನಡಕದ ಹುಡುಗಿಯ ಫಾರಂ ಸುಳ್ಳಾಗುತ್ತದೆ. ಎತ್ತದಿದ್ದರೆ ಏನಾಗುತ್ತದೋ ಗೊತ್ತಿಲ್ಲ. ಭಾವ ಯೋಚಿಸಿ, ನ್ಯಾಯವಾಗಿ, ಅರ್ಧ ಎತ್ತಿದರು.

ಡಾಕ್ಟರಮ್ಮನ ಮುಖ ಬಿಗಿಯಿತು. ತಲೆಯ ಸ್ಕ್ಯಾನು, ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ ಎಂದು ಬರೆಯುತ್ತಲೇ ಫೋನ್ ತೆಗೆದು ನಮ್ಮ ಅಕ್ಕನಿಗೆ ಮಾಡಿದರು. "ಅಮ್ಮ, ನಿಮ್ಮ ಯಜಮಾನರ ಅಣ್ಣ ತೀರಿಕೊಂಡಾಗ ಯಾವ ಔಷಧಿ ಕೊಟ್ಟಿದ್ರು ಅಂತ ಗೊತ್ತಾ?"

ಅಕ್ಕ ಆ ಕಡೆಯಿಂದ ಏನಂದಳೋ ಕೇಳಿಸಲಿಲ್ಲ.

ಒಂದು ಗಂಟೆಯೊಳಗೆ ಅಕ್ಕ ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು. ಜೊತೆಗೆ ಭಾವನನ್ನು ಎತ್ತಿ ಆಡಿಸಿದ ಚಿಕ್ಕಮ್ಮ, ಎಂಬತ್ತು ವರ್ಷದವರು. ಸುದ್ದಿ ಅರ್ಧ ಕೇಳಿಯೇ ಹೊರಟುಬಂದಿದ್ದರು.

"ಅಯ್ಯೋ ನನ್ನ ಕಂದಾ!" ಎಂದು ಚಿಕ್ಕಮ್ಮ ದಾರಿಯುದ್ದಕ್ಕೂ ಅಳುತ್ತಾ ಬಂದರು. "ಯಾವಾಗ ಹುಟ್ಟಿದ್ಯೋ, ಯಾವಾಗ ಹೋದ್ಯೋ! ನನಗೊಂದು ಮಾತೂ ಹೇಳಲಿಲ್ಲವಲ್ಲೋ!"

ಅಕ್ಕ ಅಳಲಿಲ್ಲ. "ರೀ, ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ ಆಯ್ತು. ನನಗೆ ಗೊತ್ತಿಲ್ಲದ ಈ ನಿಮ್ಮಣ್ಣ ಯಾರು?" ಅಂದಳು. ಭಾವ ಸೂರು ನೋಡಿದರು. ಅಕ್ಕ ನನ್ನ ಕಡೆ ತಿರುಗಿದಳು. ನಾನೂ ಸೂರು ನೋಡಿದೆ. ಚೆನ್ನಾಗಿ ಸುಣ್ಣ ಹೊಡೆದಿದ್ದರು.

ಮೂರು ಗಂಟೆಗೆ ಆರನೇ ನಂಬರಿನ ಸುತ್ತ ಜಾತ್ರೆಯಷ್ಟು ಜನ ಸೇರಿದರು. ಟ್ಯೂಟರ್ ಮೇಡಂ, ಡಾಕ್ಟರಮ್ಮ, ಮೂವರು ವಿದ್ಯಾರ್ಥಿಗಳು, ಅಕ್ಕ, ಇನ್ನೂ ಬಿಕ್ಕುತ್ತಿದ್ದ ಚಿಕ್ಕಮ್ಮ. ನಡೆದಾಡಲು ಬರುವ ರೋಗಿಗಳೆಲ್ಲ ನಡೆದುಬಂದರು.

ಕನ್ನಡಕದ ಹುಡುಗಿ ಓದಿದಳು: ರೋಗಿಗೆ ಹನ್ನೊಂದು ಕೊರತೆ, ಬಾಚಣಿಗೆ ಹಿಡಿಯಲಾಗದು. ಯುವಕ ಓದಿದ: ಕೈಕಾಲು ಗಟ್ಟಿ, ಕಿಟಕಿಯ ಬೆಳಕಿನಿಂದ ಉಸಿರಾಟದ ತೊಂದರೆ, ಮಂಚ ತಿರುಗಿಸಿದ ಮೇಲೆ ನಿದ್ದೆ ಉತ್ತಮ. ಟ್ಯೂಟರ್ ಮೇಡಂ ಕೈಯಲ್ಲಿದ್ದ ಹೋಲಿಕೆಯ ಪಟ್ಟಿ ನಿಧಾನವಾಗಿ ಕೆಳಗೆ ಇಳಿಯಿತು.

"ಒಬ್ಬನೇ ರೋಗಿ ಮೂರು ಸಿದ್ಧಾಂತ ಅಂದೆ. ಇಲ್ಲಿ ಸಿದ್ಧಾಂತಕ್ಕೊಬ್ಬ ರೋಗಿ ಇದಾನಲ್ಲ!"

ಆ ಹೊತ್ತಿಗೆ ಏಳನೇ ನಂಬರಿನ ಡ್ರೈವರ್ ಎರಡು ದಿನದಿಂದ ತಡೆದುಕೊಂಡಿದ್ದನ್ನು ಇನ್ನು ತಡೆಯಲಾರದೆ, ತಮ್ಮ ತಟ್ಟೆಯಲ್ಲಿದ್ದ ಕಿತ್ತಳೆಹಣ್ಣು ತೆಗೆದು, "ಸಾಹೇಬ್ರೇ, ಹಿಡೀರಿ!" ಎಂದು ಎಸೆದರು. ಭಾವನ ಬಲಗೈ ತಲೆಯ ಮೇಲಕ್ಕೆ ಚಂಗನೆ ಹೋಗಿ ಹಣ್ಣನ್ನು ಹಿಡಿಯಿತು.

ಭಾವ ಹಣ್ಣನ್ನು ನೋಡಿ, ನಿಧಾನವಾಗಿ ಕೈಯನ್ನು ಅರ್ಧಕ್ಕೆ ಇಳಿಸಿದರು.

ಕನ್ನಡಕದ ಹುಡುಗಿ ಅಳತೊಡಗಿದಳು. ಡಾಕ್ಟರಮ್ಮ ಫೈಲು ಮುಚ್ಚಿದರು. "ಇದರಲ್ಲಿ ಯಾವುದು ನಿಜ, ಯಾವುದು ಸುಳ್ಳು, ನನಗೆ ಗೊತ್ತಿಲ್ಲ. ಗೊತ್ತಾಗದೆ ನಾನು ಯಾರಿಗೂ ಮತ್ತು ಬರಿಸಲ್ಲ. ನಾಳೆ ಆಪರೇಷನ್ ಇಲ್ಲ. ಎರಡು ತಿಂಗಳು ಬಿಟ್ಟು ಬನ್ನಿ."

ನಾನು ಅಕ್ಕನನ್ನು ನೋಡಿದೆ. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಮಂಚದ ಮೇಲಿದ್ದ ಟವೆಲ್ ತೆಗೆದುಕೊಂಡು ಮಡಚಿದಳು. ಬಿಚ್ಚಿ ಮತ್ತೆ ಮಡಚಿದಳು.

"ನಾಲ್ಕನೇ ಸಲ," ಅಂದಳು. ಅಷ್ಟೇ.

ಹಿರಿಯಕ್ಕ ಆಗ ಮುಂದೆ ಬಂದರು. "ಮೇಡಂ, ನನ್ನದು ಓದೋದು ಬಾಕಿ ಇದೆ."

"ಅಣ್ಣನ ವಿಷಯ ತಾನೇ? ಕೇಸ್ ಶೀಟಲ್ಲಿ ನೋಡಿದೆ," ಅಂದರು ಟ್ಯೂಟರ್ ಮೇಡಂ.

"ಅಲ್ಲಿ ಬರೆದೆ, ಅಂಥದ್ದನ್ನ ಡಾಕ್ಟರಿಗೆ ಮುಚ್ಚಿಡೋ ಹಾಗಿಲ್ಲ. ನನ್ನ ಫಾರಂನಲ್ಲಿ ಬರೀಲಿಲ್ಲ." ಫಾರಂ ತೋರಿಸಿದರು. ಅರ್ಧ ಪುಟ ಖಾಲಿಯೇ ಇತ್ತು. "ಯಾಕಂದ್ರೆ ಅದು ಇವರ ಆತಂಕ ಅಲ್ಲ."

ಸ್ಟೂಲಿನಿಂದ ನನ್ನನ್ನು ಎಬ್ಬಿಸಿ ತಾವು ಕೂತರು.

"ಯಜಮಾನ್ರೇ, ಪಾಪದ ಹುಡುಗರಿಗೆ ಕಾಲಂ ತುಂಬಿಕೊಟ್ರಿ, ಒಳ್ಳೇದೇ. ಆದ್ರೆ ಬೇರೆ ಏನು ಬೇಕಾದ್ರೂ ಹೇಳಬಹುದಿತ್ತಲ್ಲ? ಕಿವಿ ಕೇಳಲ್ಲ ಅನ್ನಬಹುದಿತ್ತು, ಮಂಡಿ ನೋವು ಅನ್ನಬಹುದಿತ್ತು. ಹುಡುಕಿ ಹುಡುಕಿ ಆಪರೇಷನ್ ನಿಲ್ಲಿಸೋ ಅಂಥವನ್ನೇ ತುಂಬಿದೀರಿ."

ಭಾವ ಕಿತ್ತಳೆಹಣ್ಣನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ಚಿಕ್ಕಮ್ಮ ಬಿಕ್ಕುವುದು ನಿಲ್ಲಿಸಿದರು.

"ಆ ಫಾರಂ ನೀವು ಯಾರಾದ್ರೂ ಪೂರ್ತಿ ಓದಿದೀರಾ?" ಅಂದರು ಭಾವ ಕಡೆಗೆ. "ಸೇರಿಸ್ಕೊಳ್ಳೋ ಫಾರಂ. ಎರಡನೇ ಪುಟ, ಕೊನೆ ಸಾಲು. 'ರೋಗಿ ಮೃತಪಟ್ಟಲ್ಲಿ ದಿನಾಂಕ, ವೇಳೆ.' ಮೂವತ್ತೊಂದು ವರ್ಷ ಫಾರಂ ನೋಡಿದೀನಮ್ಮ. ಸುಮ್ಮಸುಮ್ಮನೆ ಯಾರೂ ಕಾಲಂ ಹಾಕಲ್ಲ. ಕಾಲಂ ಇದೆ ಅಂದ್ರೆ, ಯಾವತ್ತೋ ಯಾರಿಗೋ ಅದನ್ನ ತುಂಬೋ ಪ್ರಸಂಗ ಬಂದಿದೆ. ನಾನು ಅದನ್ನ ತುಂಬೋ ಹಾಗಿಲ್ಲ. ಖಾಲಿ ಬಿಟ್ರೆ..." ಧ್ವನಿ ಸಣ್ಣದಾಯಿತು. "ಖಾಲಿ ಬಿಟ್ರೆ, ನಾನು ಮತ್ತಿನಲ್ಲಿದ್ದಾಗ ಯಾರಾದ್ರೂ ತುಂಬಿಬಿಟ್ರೆ?"

ಅಕ್ಕನ ಕೈಯಲ್ಲಿ ಟವೆಲ್ ಹಾಗೇ ನಿಂತಿತು.

ಹಿರಿಯಕ್ಕ ನಗಲಿಲ್ಲ. "ಹದಿನೆಂಟು ವರ್ಷ ಆ ಬಾಗಿಲಿಗೆ ಟ್ರಾಲಿ ತಳ್ಳಿದೀನಿ," ಅಂದರು. "ಆ ಕಾಲಂ ತುಂಬಿದ್ದನ್ನೂ ನೋಡಿದೀನಿ, ಸುಳ್ಳು ಹೇಳಲ್ಲ. ಆದ್ರೆ ಅದು ಕರುಳು ಸಿಕ್ಕಿಹಾಕ್ಕೊಂಡು, ಹೊಟ್ಟೆ ಹಿಡ್ಕೊಂಡು ಓಡಿಬಂದವರದ್ದು. ನಿಮ್ಮ ಹಾಗೆ ನಡ್ಕೊಂಡು ಬಂದು ಹರ್ನಿಯಾ ಮಾಡಿಸ್ಕೊಂಡವರನ್ನೆಲ್ಲ ನಾನೇ ವಾಪಸ್ ತಳ್ಕೊಂಡು ಬಂದಿದೀನಿ. ಅರ್ಧ ಜನ ದಾರೀಲಿ ನನ್ನ ಮೈಮೇಲೆ ವಾಂತಿ ಮಾಡಿದಾರೆ. ನೀವೂ ಮಾಡ್ತೀರಿ. ನಾಳೆ ಟ್ರಾಲಿ ಜೊತೆ ನಾನು ಬರ್ತೀನಿ. ಆ ಫೈಲು ನನ್ನ ಕಂಕುಳಲ್ಲೇ ಇರುತ್ತೆ. ಯಾರಿಗೂ ಪೆನ್ನು ಹಚ್ಚೋಕೆ ಬಿಡಲ್ಲ."

ಭಾವ ಕಿತ್ತಳೆಹಣ್ಣನ್ನು ಪಕ್ಕಕ್ಕಿಟ್ಟರು. ಆಮೇಲೆ ಕೈ ಚಾಚಿ, "ಕೆಂಪು ಪೆನ್ನು ಇದೆಯಾ?" ಅಂದರು.

ಅದಾದ ಮೇಲೆ ನಾವು ಕಂಡದ್ದು ಮೂರನೇ ಕಿಟಕಿಯ ಕಾಲಂ ಸಾಹೇಬರನ್ನು. ಮೂರೂ ಫಾರಂ, ಕೇಸ್ ಶೀಟು ಎಲ್ಲವನ್ನೂ ಮುಂದಿಟ್ಟುಕೊಂಡು, ಸುಳ್ಳಿನ ಪ್ರತಿ ಸಾಲಿನ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ, ತಾರೀಕು ಹಾಕುತ್ತಾ ಹೋದರು. ಅಣ್ಣನ ಮೇಲೂ ಗೆರೆ ಎಳೆದರು. ಚಿಕ್ಕಮ್ಮ ಮತ್ತೊಮ್ಮೆ ಕಣ್ಣೊರೆಸಿಕೊಂಡರು.

ಕನ್ನಡಕದ ಹುಡುಗಿಯ 'ಕೊರತೆ' ಕಾಲಂ ಮತ್ತೆ ಖಾಲಿಯಾಯಿತು. ಭಾವ ಅದನ್ನು ನೋಡುತ್ತಾ ಕೂತು, ನೀಲಿ ಪೆನ್ನು ತೆಗೆದುಕೊಂಡು ಬರೆದರು: 'ಹೆದರಿಕೆಯಾದರೆ ತಾನಾಗಿ ಹೇಳಿಕೊಳ್ಳಲು ಬರುವುದಿಲ್ಲ.' ಯುವಕನ ಫಾರಂನಲ್ಲಿ ಬೆಳಕಿನ ವಿಷಯ ಹೊಡೆದು ಬರೆದರು: 'ಎದುರಿನ ಕಿಟಕಿಯಿಂದ ಆಪರೇಷನ್ ಕೋಣೆಯ ಬಾಗಿಲು ಕಾಣಿಸುತ್ತದೆ.' ಯುವಕ ತಲೆ ಬಗ್ಗಿಸಿ ಆ ಕಿಟಕಿಯಿಂದ ನೋಡಿದ. ಕಾಣಿಸುತ್ತಿತ್ತು. ಮೇಲೆ ಕೆಂಪು ದೀಪ ಕೂಡ. ಹಿರಿಯಕ್ಕನ ಅರ್ಧ ಪುಟದಲ್ಲಿ ಏನು ಬರೆದರೋ ನನಗೆ ತೋರಿಸಲಿಲ್ಲ. ಅಕ್ಕನಿಗೆ ತೋರಿಸಿದರು. ಅಕ್ಕ ಓದಿ, "ಇದನ್ನ ಎರಡು ವರ್ಷದ ಹಿಂದೆ ಹೇಳೋಕೇನಾಗಿತ್ರೀ ನಿಮಗೆ?" ಎಂದು ಟವೆಲಿನಿಂದ ಅವರ ಹೆಗಲಿಗೆ ಒಂದು ಬಾರಿಸಿದಳು. ಆ ಏಟಿಗೇ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಟ್ಯೂಟರ್ ಮೇಡಂ ಮೂರೂ ಫಾರಂ ಪಕ್ಕಪಕ್ಕ ಇಟ್ಟು ಓದಿದರು. "ಈಗ ಒಬ್ಬನೇ ರೋಗಿ," ಅಂದರು. ಡಾಕ್ಟರಮ್ಮ ಭಾವನ ಎರಡೂ ಕೈ ಎತ್ತಿಸಿ, ಉಸಿರು ಎಳೆಸಿ, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಅಕ್ಕನಿಂದಲೂ ಚಿಕ್ಕಮ್ಮನಿಂದಲೂ ಬೇರೆ ಬೇರೆಯಾಗಿ "ಅಣ್ಣ ಇಲ್ಲ" ಎಂದು ಹೇಳಿಸಿಕೊಂಡರು. ಎಕ್ಸ್‌ರೇ, ರಕ್ತ ಪರೀಕ್ಷೆ ಬಿಡಲಿಲ್ಲ, ತಲೆಯ ಸ್ಕ್ಯಾನು ಮಾತ್ರ ಬಿಟ್ಟರು. ಎಲ್ಲ ಸರಿಯಾಗಿ ಬಂದ ಮೇಲೆ ಸಂಜೆ ಒಪ್ಪಿಗೆ ಬರೆದರು.

ಗುರುವಾರ ಬೆಳಗ್ಗೆ ಟ್ರಾಲಿ ಹೋಯಿತು. ಪಕ್ಕದಲ್ಲಿ ಹಿರಿಯಕ್ಕ, ಕಂಕುಳಲ್ಲಿ ಫೈಲು. ಕೆಂಪು ದೀಪ ಹೊತ್ತಿಕೊಂಡಿತು. ಅಕ್ಕ, ನಾನು, ಚಿಕ್ಕಮ್ಮ ಸಾಲಾಗಿ ಬೆಂಚಿನ ಮೇಲೆ ಕೂತೆವು. ಒಂದು ಗಂಟೆ ನಲವತ್ತು ನಿಮಿಷ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬಾಗಿಲು ತೆರೆದಾಗ ಮೊದಲು ಕಂಡದ್ದು ಹಿರಿಯಕ್ಕನ ಬಿಳಿ ಬಟ್ಟೆ. ಅದರ ಮುಂಭಾಗವೆಲ್ಲ ಹಾಳಾಗಿತ್ತು. ಅಷ್ಟು ಸಂತೋಷ ಕೊಟ್ಟ ಕೊಳೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಶನಿವಾರ ಮನೆಗೆ ಹೊರಡುವಾಗ ದಾಖಲೆ ಕೋಣೆಯ ಗುಮಾಸ್ತ ಭಾವನ ಫೈಲು ತಿರುವುತ್ತಿದ್ದ. ಹೊಸಬ, ಬಹಳ ಅಚ್ಚುಕಟ್ಟು. ಎರಡನೇ ಪುಟದ ಕೊನೆಗೆ ಬಂದು ಪೆನ್ನಿನ ಕ್ಯಾಪು ತೆಗೆದ.

"ಸರ್, ಇಲ್ಲೊಂದು ಕಾಲಂ ಖಾಲಿ ಉಳಿದಿದೆ. 'ಇಲ್ಲ' ಅಂತ ಬರೆದುಬಿಡಲಾ?"

ಹೊಲಿಗೆಯ ನೋವಿಗೆ ಬಗ್ಗಿ ಬಗ್ಗಿ ನಡೆಯುತ್ತಿದ್ದ ಭಾವ ಅಷ್ಟನ್ನೂ ಮರೆತು, ಬಲಗೈ ಪೂರ್ತಿ ಚಾಚಿ, ಆ ಸಾಲಿನ ಮೇಲೆ ಅಂಗೈ ಅಡ್ಡ ಇಟ್ಟರು.

"ಬೇಡಪ್ಪ," ಅಂದರು. "ಅದೊಂದು ಖಾಲಿ ಇರಲಿ."